ಮನೆಬಾಗಿಲಿಗೆ ಬಂದ ವಿದ್ಯೆ

ವಿದ್ಯಾರ್ಜನೆಗೆ ವಯಸ್ಸಿನ ಮಿತಿಯಿಲ್ಲವೆಂಬರು. ಆದರೆ ಹೊಟ್ಟೆಪಾಡಿಗೆ ಕಟ್ಟುಬಿದ್ದವರು ಗುರುವಿನೆಡೆಗೆ ಹೋಗುವುದೆಂತು? ಈ ಕೊರತೆಯನ್ನರಿತು ಮೈಸೂರು ವಿಶ್ವವಿದ್ಯಾನಿಲಯವು 1969ರಲ್ಲಿ ಅಂಚೆಯ ಮೂಲಕ ಪಾಠಗಳನ್ನು ಕಳುಹಿಸತೊಡಗಿತು. ಆ ಸಂಸ್ಥೆಯೇ 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಗಿ ಬೆಳೆಯಿತು.

2004ರ ಸೆಪ್ಟೆಂಬರ್ 20ರಂದು ಶಿಕ್ಷಣಕ್ಕೆಂದೇ ನಿರ್ಮಿತವಾದ ಎಜುಸ್ಯಾಟ್ ಉಪಗ್ರಹವು ಗಗನಕ್ಕೇರಿತು. ಆ ಯೋಜನೆಯ ಪ್ರಾಯೋಗಿಕ ಹಂತಕ್ಕೆ ಆಯ್ದ ಮೂರು ವಿಶ್ವವಿದ್ಯಾನಿಲಯಗಳಲ್ಲಿ ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾನಿಲಯವೂ ಒಂದು. ಒಬ್ಬ ಅಧ್ಯಾಪಕರ ಉಪನ್ಯಾಸವನ್ನು ದೂರದೂರದ ಕಾಲೇಜುಗಳು ಏಕಕಾಲದಲ್ಲಿ ಆಲಿಸುವುದು ಸಾಧ್ಯವಾಯಿತು.

2010ರಲ್ಲಿ ಆ ಉಪಗ್ರಹದ ಆಯುಷ್ಯವು ಮುಗಿಯಿತು, ಸಹಕಾರವು ಮುಗಿಯಲಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಏಳು ಐಐಟಿಗಳೂ ಕೂಡಿ 2003ರಲ್ಲಿ ಆರಂಭಿಸಿದ ಎನ್‌ಪಿಟಿಇಎಲ್ ಪಾಠಮಾಲೆಯನ್ನು ಇಂದು ಜಯನಗರದ ಉದ್ಯೋಗಿಯೂ ಬನಶಂಕರಿಯ ಗೃಹಿಣಿಯೂ ಅಂತರ್ಜಾಲದಲ್ಲಿ ಶುಲ್ಕವಿಲ್ಲದೆ ಕಲಿಯಬಹುದು. ಸಾಧನಗಳು ಅಳಿಯುವುವು, ವಿದ್ಯೆಯನ್ನು ಹಂಚಿಕೊಳ್ಳುವ ಸಂಸ್ಥೆಗಳ ಕೂಟವೇ ಉಳಿಯತಕ್ಕದ್ದು.