ಗಾಜಿನ ಕಪಾಟಿನ ಪಿಂಗಾಣಿ

ನಮ್ಮ ಅಂಧೇರಿಗೆ ಹೊಂದಿಕೊಂಡ ಓಶಿವಾರದ ಹಳೇ ಪೀಠೋಪಕರಣಗಳ ಅಂಗಡಿಗಳಲ್ಲಿ ಸುತ್ತಾಡಿದರೆ, ತೇಗದ ಮೇಜು-ಕುರ್ಚಿಗಳ ನಡುವೆ ಒಮ್ಮೊಮ್ಮೆ ಚಿನ್ನದಂಚಿನ, ಗುಲಾಬಿ ಹೂ ಬಿಡಿಸಿದ ಪಿಂಗಾಣಿ ತಟ್ಟೆಗಳೂ ಕಣ್ಣಿಗೆ ಬೀಳುತ್ತವೆ. ಮಗುಚಿ ನೋಡಿದರೆ ಇಂಗ್ಲೆಂಡಿನದೋ ಜರ್ಮನಿಯದೋ ಮುದ್ರೆ. ಒಂದು ಕಾಲಕ್ಕೆ ಇವು ಮನೆತನದ ಅಂತಸ್ತನ್ನೇ ಸಾರುತ್ತಿದ್ದವು.

ಪಿಂಗಾಣಿಯ ಗುಟ್ಟು ಬಹುಕಾಲ ಚೀನದವರಲ್ಲೇ ಉಳಿದಿತ್ತು. ಚಿನ್ನ ಮಾಡಿಕೊಡುತ್ತೇನೆಂದು ಹೇಳಿ ಸ್ಯಾಕ್ಸನಿಯ ದೊರೆ ಆಗಸ್ಟಸನ ಸೆರೆಯಾಳಾದ ಬ್ಯೋಟ್ಗರ್ ಎಂಬಾತ ಕೊನೆಗೆ ಮಾಡಿದ್ದು ಪಿಂಗಾಣಿ! 1710ರಲ್ಲಿ ಮೈಸನ್ ಕಾರ್ಖಾನೆ ಹುಟ್ಟಿತು. ಆದರೂ ದೊರೆಯ ಹುಚ್ಚು ಇಳಿಯಲಿಲ್ಲ. 1717ರಲ್ಲಿ 151 ಚೀನೀ ಪಾತ್ರೆಗಳಿಗಾಗಿ ತನ್ನ 600 ಸೈನಿಕರನ್ನು ಪ್ರಶ್ಯದ ದೊರೆಗೆ ಕೊಟ್ಟುಬಿಟ್ಟ. ಆ ಸೈನಿಕರ ಅಭಿಪ್ರಾಯವನ್ನು ಯಾರೂ ಕೇಳಿರಲಾರರು.

ಮುಂಬಯಿಯಲ್ಲಿ ಚೀನದ ವ್ಯಾಪಾರದಿಂದ ಸಿರಿವಂತರಾದ ಪಾರ್ಸಿಗಳು ಈ ಶೋಕಿಯನ್ನು ಬೆಳೆಸಿದರು. ರತನ್ ಟಾಟಾ, ದೊರಾಬ್ ಟಾಟಾ ಸೋದರರ ಸಂಗ್ರಹದ ಪಿಂಗಾಣಿಯನ್ನು ಕೋಟೆ ಭಾಗದ ವಸ್ತುಸಂಗ್ರಹಾಲಯದಲ್ಲಿ ನಾವೂ ನೀವೂ ನೋಡಬಹುದು.

ನಮ್ಮವರ ಕಥೆ ಬೇರೆ. ಊರಿನ ಮಡಿವಂತ ಮನೆಗಳಲ್ಲಿ ಮರ್ಯಾದೆಯೆಲ್ಲ ಬೆಳ್ಳಿ, ಕಂಚು, ಹಿತ್ತಾಳೆಗೆ. ಲೋಹವನ್ನು ಹುಣಿಸೆಹಣ್ಣು, ಬೂದಿ ಹಾಕಿ ತಿಕ್ಕಿದರೆ ಶುದ್ಧ. ಎಂಜಲಾದ ಮಣ್ಣಿಗೆ ಆ ಭಾಗ್ಯವಿಲ್ಲ. ಉಪ್ಪಿನಕಾಯಿಯ ಭರಣಿ ಒಳಗೆ ರಾಜನಂತೆ ಕುಳಿತಿರುತ್ತಿತ್ತು, ಏಕೆಂದರೆ ಅದಕ್ಕೆ ಯಾರೂ ಬಾಯಿ ಹಚ್ಚುವುದಿಲ್ಲ. ಬಾಯಿಗಿಡುವ ಪಿಂಗಾಣಿ ಕಪ್ಪಿಗೆ ಮಾತ್ರ ಹೊರಜಗಲಿ. ಅಲ್ಲಿ ಅದು ಬಂದ ಸಾಹೇಬನಿಗೆ ಉಪಚಾರ. ಪರಜಾತಿಯ ಬಡವನಿಗೆ, 'ನಿನ್ನ ಲೋಟ ಬೇರೆ' ಎಂಬ ಗುರುತು. ಸಾಮಾನು ಒಂದೇ, ಕೊಡುವ ಕೈಯ ಲೆಕ್ಕ ಎರಡು. ಇದು ಹಳ್ಳಿಯ ಮೌಢ್ಯವೆಂದು ತಳ್ಳಿಹಾಕುವಂತಿಲ್ಲ. 1890ರಲ್ಲಿ ಪುಣೆಯ ಪಂಚಹೌದ್ ಮಿಷನ್ನಿನಲ್ಲಿ ಚಹಾ ಕುಡಿದ ಪ್ರಕರಣದಲ್ಲಿ ರಾನಡೆ, ತಿಲಕರಂಥವರಿಗೇ ಪ್ರಾಯಶ್ಚಿತ್ತ ತಪ್ಪಲಿಲ್ಲ.

ಈ ಲೆಕ್ಕವನ್ನು ಕೆಡಿಸಿದ್ದರಲ್ಲಿ ಮುಂಬಯಿಯ ಇರಾನಿ ಹೋಟೆಲಿಗೂ ಪಾಲಿದೆ ಎಂದು ನಮ್ಮ ಎಣಿಕೆ. ಅಲ್ಲಿನ ದಪ್ಪ ಬಿಳಿ ಕಪ್ಪುಬಸಿ, ಹಿಂದಿನ ಗಿರಾಕಿ ಯಾರೆಂದು ಹೇಳುತ್ತಿರಲಿಲ್ಲ. ಊರು ಬಿಟ್ಟು ಬಂದ ನಮ್ಮ ಹುಡುಗರು ಅದರಲ್ಲೇ ಚಹಾ ಹೀರಿ ಕೆಲಸಕ್ಕೆ ಓಡಿದರು.

ಮುಂದೆ ಅವರೇ ಅಂಧೇರಿಯಲ್ಲಿ ಬ್ಲಾಕು ಕೊಂಡರು, ಹಾಲ್‌ನಲ್ಲಿ ಷೋಕೇಸು ಮಾಡಿಸಿದರು. ಹೊರಜಗಲಿಯ ಪಿಂಗಾಣಿ ಈಗ ಮನೆಯ ಎದೆಯ ಮೇಲೇ ಏರಿತು. ಆದರೆ ನೆಂಟರು ಬಂದಾಗ ಬಡಿಸುವುದು ಸ್ಟೀಲಿನ ತಟ್ಟೆಯಲ್ಲೇ. ಹೂವಿನ ಸೆಟ್ಟು ಕೆಳಗಿಳಿಯುವುದು ದೀಪಾವಳಿಗೆ ಮುನ್ನ, ಧೂಳು ಒರೆಸಲಿಕ್ಕೆ.