ದಿ ಗಾಡ್‌ಫಾದರ್ (ಕಾದಂಬರಿ)

ದಿ ಗಾಡ್‌ಫಾದರ್ ಅಮೆರಿಕದ ಲೇಖಕ ಮಾರಿಯೊ ಪೂಜೊ ಅವರು ಇಂಗ್ಲಿಷ್ ಭಾಷೆಯಲ್ಲಿ ರಚಿಸಿದ ಅಪರಾಧ ಕಾದಂಬರಿ. ನ್ಯೂಯಾರ್ಕಿನ ಜಿ. ಪಿ. ಪಟ್ನಮ್ಸ್ ಸನ್ಸ್ ಸಂಸ್ಥೆಯು ಇದನ್ನು 1969ರ ಮಾರ್ಚ್‌ ತಿಂಗಳಲ್ಲಿ ಪ್ರಕಟಿಸಿತು. ಸಿಸಿಲಿಯಿಂದ ಅಮೆರಿಕಕ್ಕೆ ವಲಸೆ ಬಂದು ಮಾಫಿಯಾ ನಾಯಕನಾದ ವೀಟೊ ಕಾರ್ಲಿಯೋನ್, ಅವನ ಮಕ್ಕಳು ಮತ್ತು ನ್ಯೂಯಾರ್ಕಿನ ಅಪರಾಧ ಕೂಟಗಳ ನಡುವಿನ ಅಧಿಕಾರದ ಹೋರಾಟ ಇದರ ವಸ್ತು. ಕಥೆಯು ಮುಖ್ಯವಾಗಿ 1945ರಿಂದ 1955ರವರೆಗಿನ ಅವಧಿಯಲ್ಲಿ ನಡೆಯುತ್ತದೆ. ಇದನ್ನು ಆಧರಿಸಿ ಫ್ರಾನ್ಸಿಸ್ ಫೋರ್ಡ್ ಕೊಪೊಲಾ ನಿರ್ದೇಶಿಸಿದ ಚಲನಚಿತ್ರವು 1972ರಲ್ಲಿ ತೆರೆಕಂಡಿತು.

ಹಿನ್ನೆಲೆ

ಪೂಜೊ (1920–1999) ಅವರು ನ್ಯೂಯಾರ್ಕ್ ನಗರದ ಹೆಲ್ಸ್ ಕಿಚನ್ ಬಡಾವಣೆಯಲ್ಲಿ, ದಕ್ಷಿಣ ಇಟಲಿಯಿಂದ ವಲಸೆ ಬಂದ ಬಡ ಕುಟುಂಬವೊಂದರಲ್ಲಿ ಬೆಳೆದರು. ಅವರ ಮೊದಲ ಎರಡು ಕಾದಂಬರಿಗಳಾದ ದಿ ಡಾರ್ಕ್ ಅರೀನಾ (1955) ಮತ್ತು ದಿ ಫಾರ್ಚುನೇಟ್ ಪಿಲ್‌ಗ್ರಿಮ್ (1965) ವಿಮರ್ಶಕರ ಮೆಚ್ಚುಗೆ ಪಡೆದರೂ ಅವುಗಳಿಂದ ಹೆಚ್ಚಿನ ಆದಾಯ ಬರಲಿಲ್ಲ. ಸಾಲದ ಹೊರೆಯಲ್ಲಿದ್ದ ಲೇಖಕರು ಜನಪ್ರಿಯವಾಗಬಲ್ಲ ಕೃತಿಯೊಂದನ್ನು ಬರೆಯಲು ನಿರ್ಧರಿಸಿದರು.

ಪೂಜೊ ಅವರಿಗೆ ಮಾಫಿಯಾ ಸದಸ್ಯರ ನೇರ ಪರಿಚಯವಿರಲಿಲ್ಲ. ಕಾದಂಬರಿಯನ್ನು ಸಂಪೂರ್ಣವಾಗಿ ಅಧ್ಯಯನದ ಆಧಾರದಿಂದಲೇ ಬರೆದುದಾಗಿ ಅವರು ಮುಂದೆ ಹೇಳಿಕೊಂಡಿದ್ದಾರೆ. ಸಂಘಟಿತ ಅಪರಾಧದ ಕುರಿತು ಅಮೆರಿಕದ ಸೆನೆಟ್ 1950–51ರಲ್ಲಿ ನಡೆಸಿದ ಕಿಫೋವರ್ ಸಮಿತಿಯ ವಿಚಾರಣೆ ಹಾಗೂ 1963ರಲ್ಲಿ ಜೋಸೆಫ್ ವಲಾಚಿ ನೀಡಿದ ಸಾಕ್ಷ್ಯದಿಂದ ಈ ಲೋಕದ ರಚನೆ ಅದಾಗಲೇ ಸಾರ್ವಜನಿಕರಿಗೆ ತಿಳಿದುಬಂದಿತ್ತು. ವೀಟೊ ಪಾತ್ರದ ಮಾತು ಮತ್ತು ಮನೋಭಾವಕ್ಕೆ ತಮ್ಮ ತಾಯಿಯೇ ಮಾದರಿ ಎಂದು ಪೂಜೊ ತಿಳಿಸಿದ್ದಾರೆ.

ಕಥಾಸಾರ

ಕಾದಂಬರಿಯು ಒಂಬತ್ತು ಭಾಗಗಳಲ್ಲಿದೆ. 1945ರ ಆಗಸ್ಟ್‌ನಲ್ಲಿ ವೀಟೊ ಕಾರ್ಲಿಯೋನ್‌ನ ಮಗಳು ಕಾನಿಯ ವಿವಾಹ ನಡೆಯುತ್ತದೆ. ಮಗಳ ಮದುವೆಯ ದಿನ ಯಾರ ಬೇಡಿಕೆಯನ್ನೂ ನಿರಾಕರಿಸಬಾರದೆಂಬ ಸಿಸಿಲಿಯ ಸಂಪ್ರದಾಯದಂತೆ ಅವನು ಬಂದವರ ಅಹವಾಲುಗಳನ್ನು ಕೇಳುತ್ತಾನೆ. ಅನಂತರ ವರ್ಜಿಲ್ ಸೊಲೊಜ್ಜೊ ಎಂಬಾತನು ಮಾದಕವಸ್ತು ವ್ಯಾಪಾರದಲ್ಲಿ ಪಾಲುದಾರನಾಗಲು ವೀಟೊನನ್ನು ಆಹ್ವಾನಿಸುತ್ತಾನೆ. ಆ ವ್ಯಾಪಾರಕ್ಕೆ ಕೈಹಾಕಿದರೆ ರಾಜಕಾರಣಿಗಳ ಮತ್ತು ನ್ಯಾಯಾಧೀಶರ ಬೆಂಬಲ ಕಳೆದುಹೋಗುವುದೆಂದು ವೀಟೊ ಒಪ್ಪುವುದಿಲ್ಲ. ಪರಿಣಾಮವಾಗಿ ಅವನ ಮೇಲೆ ಗುಂಡಿನ ದಾಳಿ ನಡೆಯುತ್ತದೆ.

ಕಿರಿಯ ಮಗ ಮೈಕಲ್ ಎರಡನೆಯ ಮಹಾಯುದ್ಧದಲ್ಲಿ ಶೌರ್ಯಕ್ಕಾಗಿ ಗೌರವ ಪಡೆದವನು. ತಂದೆಯ ವ್ಯವಹಾರದಿಂದ ದೂರವಿದ್ದು ಕಾಲೇಜು ವ್ಯಾಸಂಗ ಮಾಡುತ್ತಿದ್ದವನು. ಆಸ್ಪತ್ರೆಯಲ್ಲಿದ್ದ ತಂದೆಯ ಜೀವಕ್ಕೆ ಮತ್ತೆ ಅಪಾಯ ಬಂದಾಗ ಅವನೇ ಸೊಲೊಜ್ಜೊನನ್ನೂ ಅವನ ರಕ್ಷಣೆಗೆ ನಿಂತಿದ್ದ ಭ್ರಷ್ಟ ಪೊಲೀಸ್ ಅಧಿಕಾರಿಯನ್ನೂ ಕೊಂದು ಸಿಸಿಲಿಗೆ ಪಲಾಯನ ಮಾಡುತ್ತಾನೆ. ಅಲ್ಲಿ ಅವನು ವಿವಾಹವಾದ ಅಪೊಲೊನಿಯಾ ಅವನಿಗಾಗಿ ಇರಿಸಿದ್ದ ಕಾರ್ ಬಾಂಬಿಗೆ ಬಲಿಯಾಗುತ್ತಾಳೆ. ಇತ್ತ ನ್ಯೂಯಾರ್ಕಿನಲ್ಲಿ ಹಿರಿಯ ಮಗ ಸನ್ನಿ ಶತ್ರುಗಳ ಸಂಚಿಗೆ ಸಿಲುಕಿ ಹತನಾಗುತ್ತಾನೆ. ಚೇತರಿಸಿಕೊಂಡ ವೀಟೊ ಪ್ರತೀಕಾರವನ್ನು ಕೈಬಿಟ್ಟು ಇತರ ಕೂಟಗಳೊಡನೆ ಸಂಧಿ ಮಾಡಿಕೊಳ್ಳುತ್ತಾನೆ.

ಮರಳಿ ಬಂದ ಮೈಕಲ್ ಹಿಂದಿನ ಗೆಳತಿ ಕೇ ಆಡಮ್ಸ್‌ಳನ್ನು ವರಿಸಿ ತಂದೆಯ ಉತ್ತರಾಧಿಕಾರಿಯಾಗುತ್ತಾನೆ. ವೀಟೊನ ಸಹಜ ಮರಣದ ಬಳಿಕ ಅವನು ವಿರೋಧಿ ನಾಯಕರನ್ನೂ, ಸನ್ನಿಯ ಸಾವಿಗೆ ಕಾರಣನಾದ ತನ್ನ ಭಾವ ಕಾರ್ಲೊ ರಿಜ್ಜಿಯನ್ನೂ ಕೊಲ್ಲಿಸುತ್ತಾನೆ. ಕೊನೆಯಲ್ಲಿ ಕೇ ಚರ್ಚಿನಲ್ಲಿ ಗಂಡನ ಆತ್ಮಕ್ಕಾಗಿ ಪ್ರಾರ್ಥಿಸುತ್ತಾಳೆ.

ಪ್ರಮುಖ ಪಾತ್ರಗಳು

• ವೀಟೊ ಕಾರ್ಲಿಯೋನ್: ಕೂಟದ ಸ್ಥಾಪಕ. ಇವನ ಮೂಲ ಮನೆತನದ ಹೆಸರು ಆಂಡೊಲಿನಿ. ಕಾರ್ಲಿಯೋನ್ ಎಂಬುದು ಹುಟ್ಟೂರಿನ ಹೆಸರು.
• ಸನ್ನಿ: ಹಿರಿಯ ಮಗ, ಮುಂಗೋಪಿ.
• ಫ್ರೆಡೊ: ಎರಡನೆಯ ಮಗ, ವಿಧೇಯನಾದರೂ ದುರ್ಬಲ.
• ಮೈಕಲ್: ಕಿರಿಯ ಮಗ, ಕಥಾನಾಯಕ.
• ಟಾಮ್ ಹೇಗನ್: ಬಾಲ್ಯದಿಂದ ಈ ಮನೆಯಲ್ಲೇ ಬೆಳೆದ ವಕೀಲ, ವೀಟೊನ ಸಲಹೆಗಾರ. ಇವನು ಸಿಸಿಲಿಯ ಮೂಲದವನಲ್ಲ.
• ಕೇ ಆಡಮ್ಸ್: ಮೈಕಲ್‌ನ ಪತ್ನಿ.

ವಸ್ತು ಮತ್ತು ನಿರೂಪಣೆ

ಕಾದಂಬರಿಯಲ್ಲಿ ‘ಕುಟುಂಬ’ ಎಂಬ ಪದಕ್ಕೆ ಎರಡು ಅರ್ಥಗಳಿವೆ: ರಕ್ತಸಂಬಂಧಿಗಳ ಮನೆ ಮತ್ತು ಅಪರಾಧದ ಸಂಘಟನೆ. ಶೀರ್ಷಿಕೆಯಲ್ಲಿಯೂ ಇಂತಹ ದ್ವಂದ್ವವಿದೆ. ಕ್ರೈಸ್ತ ಸಂಪ್ರದಾಯದಲ್ಲಿ ಗಾಡ್‌ಫಾದರ್ ಎಂದರೆ ಜ್ಞಾನಸ್ನಾನದ ವೇಳೆ ಮಗುವಿನ ಧಾರ್ಮಿಕ ಹೊಣೆ ಹೊರುವವನು. ವೀಟೊ ಇದೇ ಪಿತೃಭಾವವನ್ನು ಅಧಿಕಾರದ ಸಾಧನವಾಗಿಸಿಕೊಳ್ಳುತ್ತಾನೆ.

ಈ ಅಧಿಕಾರದ ಮೂಲ ಬಂದೂಕಿಗಿಂತ ಹೆಚ್ಚಾಗಿ ಉಪಕಾರದ ಋಣದಲ್ಲಿದೆ. ಶವಸಂಸ್ಕಾರದ ವೃತ್ತಿಯ ಬೊನಾಸೆರಾ ತನ್ನ ಮಗಳ ಮೇಲೆ ಹಲ್ಲೆ ಮಾಡಿದವರಿಗೆ ನ್ಯಾಯಾಲಯದಲ್ಲಿ ತಕ್ಕ ಶಿಕ್ಷೆಯಾಗದಿದ್ದಾಗ ವೀಟೊನ ಬಳಿ ಬರುತ್ತಾನೆ. ವೀಟೊ ಹಣವನ್ನು ಪಡೆಯುವುದಿಲ್ಲ, ಸ್ನೇಹವನ್ನು ಕೇಳುತ್ತಾನೆ. ಸನ್ನಿಯ ಛಿದ್ರಗೊಂಡ ದೇಹವನ್ನು ತಾಯಿ ನೋಡುವಂತೆ ಸಿದ್ಧಪಡಿಸುವ ಕೆಲಸದ ಮೂಲಕ ಆ ಋಣ ತೀರುತ್ತದೆ. ಸರ್ಕಾರದ ನ್ಯಾಯವು ವಲಸಿಗರಿಗೆ ದೊರೆಯದ ಕಡೆ ಪರ್ಯಾಯ ಆಡಳಿತವೊಂದು ಹೇಗೆ ಬೇರೂರುತ್ತದೆ ಎಂಬುದನ್ನು ಈ ಪ್ರಸಂಗ ತೋರಿಸುತ್ತದೆ.

ಮನೆಯವರ ರಕ್ಷಣೆಗೆಂದು ಆರಂಭವಾದ ಹಿಂಸೆಯು ಕೊನೆಗೆ ಮನೆಯವರನ್ನೇ ಬಲಿ ತೆಗೆದುಕೊಳ್ಳುವುದು ಕೃತಿಯ ಮುಖ್ಯ ವ್ಯಂಗ್ಯ. ತಂದೆಯನ್ನು ಉಳಿಸಲು ಈ ಲೋಕವನ್ನು ಪ್ರವೇಶಿಸಿದ ಮೈಕಲ್ ತಂಗಿಯನ್ನು ವಿಧವೆಯಾಗಿಸುತ್ತಾನೆ, ಆ ಬಗ್ಗೆ ಹೆಂಡತಿಗೆ ಸುಳ್ಳು ಹೇಳುತ್ತಾನೆ.

ಪ್ರಕಟಣೆ ಮತ್ತು ವಿಮರ್ಶೆ

ಕೃತಿಯು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಅತ್ಯಧಿಕ ಮಾರಾಟದ ಪುಸ್ತಕಗಳ ಪಟ್ಟಿಯಲ್ಲಿ 67 ವಾರಗಳ ಕಾಲ ಇತ್ತು. ಅಗ್ಗದ ಆವೃತ್ತಿಯ ಹಕ್ಕು 4,10,000 ಡಾಲರ್‌ಗಳಿಗೆ ಮಾರಾಟವಾಯಿತು. ಎಸ್. ನೀಲ್ ಫುಜಿತಾ ರಚಿಸಿದ, ಸೂತ್ರದ ಗೊಂಬೆಯ ದಾರಗಳನ್ನು ಹಿಡಿದ ಕೈಯ ಮುಖಪುಟ ಚಿತ್ರವು ಮುಂದೆ ಚಲನಚಿತ್ರದ ಲಾಂಛನವೂ ಆಯಿತು.

ಕೊಲೆಗಾರರನ್ನು ಗೌರವಸ್ಥ ಗೃಹಸ್ಥರಂತೆ ಚಿತ್ರಿಸಿ ಅಪರಾಧವನ್ನು ವೈಭವೀಕರಿಸಲಾಗಿದೆ ಎಂಬುದು ಕೃತಿಯ ಮೇಲಿನ ಪ್ರಮುಖ ಆಕ್ಷೇಪ. ಇಟಾಲಿಯನ್ ಮೂಲದ ಅಮೆರಿಕನ್ನರೆಲ್ಲರೂ ಅಪರಾಧಿಗಳೆಂಬ ಭಾವನೆಯನ್ನು ಇದು ಬೆಳೆಸುತ್ತದೆ ಎಂಬ ಪ್ರತಿಭಟನೆಯೂ ನಡೆಯಿತು. ಸ್ವತಃ ಪೂಜೊ ತಮ್ಮ ಅತ್ಯುತ್ತಮ ಕೃತಿ ದಿ ಫಾರ್ಚುನೇಟ್ ಪಿಲ್‌ಗ್ರಿಮ್ ಎಂದು ಭಾವಿಸಿದ್ದರು.

ರೂಪಾಂತರ ಮತ್ತು ಪ್ರಭಾವ

1972ರ ಚಲನಚಿತ್ರದಲ್ಲಿ ಮಾರ್ಲನ್ ಬ್ರ್ಯಾಂಡೊ ವೀಟೊನಾಗಿ, ಅಲ್ ಪಚಿನೊ ಮೈಕಲ್‌ನಾಗಿ ಅಭಿನಯಿಸಿದರು. ಅದು ಅತ್ಯುತ್ತಮ ಚಿತ್ರ, ಅತ್ಯುತ್ತಮ ನಟ ಮತ್ತು ಆಧಾರಿತ ಚಿತ್ರಕಥೆಗಾಗಿ ಮೂರು ಆಸ್ಕರ್ ಪ್ರಶಸ್ತಿಗಳನ್ನು ಪಡೆಯಿತು. ಚಿತ್ರಕಥೆಯ ಪ್ರಶಸ್ತಿಯನ್ನು ಪೂಜೊ ಮತ್ತು ಕೊಪೊಲಾ ಹಂಚಿಕೊಂಡರು. ಕಾದಂಬರಿಯ ಮೂರನೆಯ ಭಾಗದಲ್ಲಿ ಬರುವ ವೀಟೊನ ಬಾಲ್ಯ ಮತ್ತು ಯೌವನದ ಕಥೆಯನ್ನು ಮೊದಲ ಚಿತ್ರದಲ್ಲಿ ಕೈಬಿಟ್ಟು, 1974ರ ಎರಡನೆಯ ಚಿತ್ರದಲ್ಲಿ ಬಳಸಿಕೊಳ್ಳಲಾಯಿತು. ಮೂರನೆಯ ಚಿತ್ರವು 1990ರಲ್ಲಿ ಬಿಡುಗಡೆಯಾಯಿತು.

ಪೂಜೊ ಅವರ ದಿ ಸಿಸಿಲಿಯನ್ (1984) ಕಾದಂಬರಿಯಲ್ಲಿ ಮೈಕಲ್ ಮತ್ತೆ ಕಾಣಿಸಿಕೊಳ್ಳುತ್ತಾನೆ. ಭಾರತದಲ್ಲಿ ಮಣಿರತ್ನಂ ನಿರ್ದೇಶನದ ತಮಿಳು ಚಿತ್ರ ನಾಯಕನ್ (1987) ಹಾಗೂ ರಾಮ್ ಗೋಪಾಲ್ ವರ್ಮಾ ಅವರ ಹಿಂದಿ ಚಿತ್ರ ಸರ್ಕಾರ್ (2005) ಈ ಕಥೆಯಿಂದ ಪ್ರೇರಣೆ ಪಡೆದಿವೆ. ಅಪರಾಧ ಕೂಟದ ನಾಯಕ ಎಂಬ ಅರ್ಥದಲ್ಲಿ ‘ಗಾಡ್‌ಫಾದರ್’ ಪದವು ಜನಬಳಕೆಗೆ ಬರಲು ಈ ಕಾದಂಬರಿ ಮುಖ್ಯ ಕಾರಣವಾಯಿತು. ರಾಜಕೀಯ ಮತ್ತು ಚಿತ್ರರಂಗದಲ್ಲಿ ಬೆನ್ನಿಗೆ ನಿಲ್ಲುವ ಪ್ರಭಾವಿಯನ್ನು ಸೂಚಿಸಲು ಕನ್ನಡದಲ್ಲಿಯೂ ಈ ಪದ ಬಳಕೆಯಲ್ಲಿದೆ.