ಮುಳಬಾಗಿಲಿನ ಗುಂಡಪ್ಪನವರು, ಮಾಲೂರಿನ ಮಾಸ್ತಿಯವರು ಮತ್ತು ಒಂದು ಅರ್ಜಿ

ಕಳೆದ ತಿಂಗಳು ಶ್ರೀನಿವಾಸಪುರದಿಂದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಪದವಿ ಮುಗಿಸಿ ಹತ್ತು ವರ್ಷಗಳಾಗಿವೆ. ಕೆಲಕಾಲ ಖಾಸಗಿ ಶಾಲೆಯಲ್ಲಿ ಪಾಠ, ಕೆಲಕಾಲ ಮಾವಿನ ಮಂಡಿಯಲ್ಲಿ ಲೆಕ್ಕ ಬರೆಯುವುದು, ನಡುನಡುವೆ ಅನುವಾದ. ಒಂದು ಅರ್ಜಿಯನ್ನು ಮುಂದಿಟ್ಟು, "ಸಾರ್, ವೃತ್ತಿ ಎಂಬಲ್ಲಿ ಏನು ಬರೆಯಲಿ?" ಎಂದು ಕೇಳಿದ.

ನನಗೆ ನಮ್ಮ ಸೀಮೆಯ ಇಬ್ಬರು ಹಿರಿಯರು ನೆನಪಾದರು.

ಡಿ.ವಿ. ಗುಂಡಪ್ಪನವರು ಮುಳಬಾಗಿಲಿನಲ್ಲಿ 1887ರಲ್ಲಿ ಜನಿಸಿದರು. ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ಅವರು ತೇರ್ಗಡೆಯಾಗಲಿಲ್ಲ. ಹೊಟ್ಟೆಪಾಡಿಗಾಗಿ ಸೋಡಾ ಕಾರ್ಖಾನೆಯಲ್ಲಿ ದುಡಿದರು. ಬೆಂಗಳೂರಿನಲ್ಲಿ ಜಟಕಾಗಾಡಿಗಳಿಗೆ ಬಣ್ಣ ಹಚ್ಚುವ ಕೆಲಸಕ್ಕೂ ಕೈಯಿಟ್ಟರು. ತೋರಿಸಲು ಪ್ರಮಾಣಪತ್ರವಿಲ್ಲದವರು ತಮ್ಮ ಬರಹವನ್ನೇ ತೋರಿಸಬೇಕಾಯಿತು. ಪತ್ರಿಕೆಗಳಿಗೆ ಬರೆಯುತ್ತ ಬರೆಯುತ್ತ 1913ರಲ್ಲಿ 'ಕರ್ನಾಟಕ' ಎಂಬ ಇಂಗ್ಲಿಷ್ ಪತ್ರಿಕೆಯನ್ನು ತಾವೇ ಆರಂಭಿಸಿದರು. 1943ರಲ್ಲಿ 'ಮಂಕುತಿಮ್ಮನ ಕಗ್ಗ' ಹೊರಬಂದಿತು. ಮೆಟ್ರಿಕ್ ದಾಟದ ಅವರಿಗೆ 1961ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವೇ ಗೌರವ ಡಾಕ್ಟರೇಟ್ ನೀಡಿತು.

ಮಾಲೂರು ತಾಲ್ಲೂಕಿನ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರದು ಬೇರೆ ದಾರಿ. ಎಂ.ಎ. ಓದಿ, ಮೈಸೂರು ಸಿವಿಲ್ ಸರ್ವಿಸ್ ಸೇರಿದರು. ಹಗಲು ಕಚೇರಿಯ ಕಡತ. ಬಿಡುವಿನಲ್ಲಿ 'ಶ್ರೀನಿವಾಸ' ಎಂಬ ಕಾವ್ಯನಾಮದಲ್ಲಿ ಕಥೆ. ಅಧಿಕಾರ ಬಿಟ್ಟ ಮೇಲೆ 'ಜೀವನ' ಪತ್ರಿಕೆಯ ಸಂಪಾದಕರಾದರು. 1983ರ ಜ್ಞಾನಪೀಠ ಪ್ರಶಸ್ತಿ ಸಂದಾಗ ನಾಡು ಸ್ಮರಿಸಿದ್ದು ಅಧಿಕಾರಿಯನ್ನಲ್ಲ, ಕಥೆಗಾರನನ್ನು.

ಒಬ್ಬರಿಗೆ ಹುದ್ದೆಯೇ ಇರಲಿಲ್ಲ. ಇನ್ನೊಬ್ಬರಿಗೆ ದೊಡ್ಡ ಹುದ್ದೆಯಿತ್ತು. ಇಬ್ಬರನ್ನೂ ಇಂದು ಗುರುತಿಸುವುದು ಅವರು ಕೂಡಿಟ್ಟ ಕೆಲಸದಿಂದ.

ಇದನ್ನು ಹೇಳುವಾಗ ನನ್ನೊಳಗೇ ಒಂದು ಮುಳ್ಳು ಚುಚ್ಚಿತು. ಸೇವೆಯ ಆರಂಭದಲ್ಲಿ ನಾನು ಊರೂರಿನ ಶಾಸನ, ಕೆರೆಗಳ ಬಗ್ಗೆ ಟಿಪ್ಪಣಿ ಬರೆಯುತ್ತಿದ್ದೆ. "ಮೇಷ್ಟರಿಗೇಕೆ ಈ ಉಸಾಬರಿ?" ಎಂದು ಮೇಲಧಿಕಾರಿಯೊಬ್ಬರು ಎಲ್ಲರೆದುರು ನಕ್ಕರು. ಅಂದೇ ಬರೆಯುವುದನ್ನು ನಿಲ್ಲಿಸಿದೆ. ಇಪ್ಪತ್ತು ವರ್ಷ ಲೇಖನಿ ಮುಟ್ಟಲಿಲ್ಲ. ತಪ್ಪು ನಕ್ಕವರದಷ್ಟೇ ಅಲ್ಲ. ಅವರ ಮಾತನ್ನೇ ನನ್ನ ಗುರುತೆಂದು ಒಪ್ಪಿಕೊಂಡ ನನ್ನದೂ ಹೌದು.

ಹುಡುಗನಿಗೆ ಹೇಳಿದೆ: "ಮಾಡಿದ ಅನುವಾದಗಳನ್ನೆಲ್ಲ, ತಿರಸ್ಕೃತವಾದವನ್ನೂ ಸೇರಿಸಿ, ದಿನಾಂಕ ಹಾಕಿ ಒಂದು ಕಡತದಲ್ಲಿ ಜೋಡಿಸಪ್ಪ. ಹೆಸರನ್ನು ಆಮೇಲೆ ಬರೆಯುವೆಯಂತೆ." ಮೊನ್ನೆ ದೂರವಾಣಿ ಮಾಡಿದ್ದ. ನಲವತ್ತೊಂದು ಅನುವಾದಗಳಾದವಂತೆ. 'ಅನುವಾದಕ' ಎಂದು ಬರೆದನಂತೆ.

ನಾನೂ ಅಟ್ಟದಿಂದ ಹಳೆಯ ಟಿಪ್ಪಣಿಪುಸ್ತಕಗಳನ್ನು ಇಳಿಸಿದ್ದೇನೆ. ಎರಡಕ್ಕೆ ಗೆದ್ದಲು ಹತ್ತಿದೆ, ಮೂರು ಉಳಿದಿವೆ.